ಮುಡುಪಿಗೆ ಕಟ್ಟಿದ ಆಸ್ಪಿರಿನ್

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ರೋಗಿಯ ಮಂಚದ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತು ಮಾತನಾಡುವುದು ಅರಿವಳಿಕೆ ವೈದ್ಯಳಾದ ನನ್ನ ಕೆಲಸದ ಮೊದಲ ಭಾಗ. ಬಾಯಿ ತೆರೆಸಿ ನೋಡುತ್ತೇನೆ, ಬೆನ್ನುಮೂಳೆಯ ಸಂದುಗಳನ್ನು ಬೆರಳಿನಿಂದ ಗುರುತಿಸಿಕೊಳ್ಳುತ್ತೇನೆ, ಎದೆಯ ಬಡಿತ ಕೇಳುತ್ತೇನೆ. ಕಡೆಗೆ, ಯಾವ ಮಾತ್ರೆ ಹೊಟ್ಟೆಗೆ ಹೋಗಿದೆ, ಯಾವುದು ಹೋಗಿಲ್ಲ ಎಂದು ವಿಚಾರಿಸುತ್ತೇನೆ. ಈ ಕಡೆಯ ಪ್ರಶ್ನೆಗೆ ಒಮ್ಮೆ ಬಂದ ಉತ್ತರವೂ ಅದರಿಂದ ನಮ್ಮ ಆಸ್ಪತ್ರೆ ನಡೆದ ದಾರಿಯೂ ಈ ಬರಹದ ವಿಷಯ.

ನಮ್ಮದು ಚಿನ್ನದ ಗಣಿಯ ಊರಿನಲ್ಲಿ, ಕೋರಮಂಡಲ್ ಬಡಾವಣೆಯ ಕಡೆಗೆ ಹೋಗುವ ರಸ್ತೆಯಲ್ಲಿರುವ ಚಿಕ್ಕ ಆಸ್ಪತ್ರೆ. ಬಂದಿದ್ದವರು ಬಂಗಾರಪೇಟೆಯ ಆಚೆಯ ಹಳ್ಳಿಯೊಂದರ ಹಿರಿಯರು. ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಮನೆ. ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರ ಕಟ್ಟಿಕೊಂಡಿತ್ತು. ನಳಿಕೆ ಹಾಕಿ, ಅದರ ಚೀಲವನ್ನು ತೊಡೆಗೆ ಕಟ್ಟಿ ಕಳುಹಿಸಿ ತಿಂಗಳುಗಳೇ ಆಗಿದ್ದವು. ನಳಿಕೆ ಇದ್ದಷ್ಟು ಕಾಲವೂ ಸೋಂಕು ಬಿಡಲಿಲ್ಲ, ಜ್ವರ ಮರಳಿ ಮರಳಿ ಬರುತ್ತಿತ್ತು. ಕುಕ್ಕರಗಾಲಿನಲ್ಲಿ ಕೂತು ಹಾಲು ಕರೆಯಲಾಗದೆ, ನಾಲ್ಕು ಜನರ ನಡುವೆ ನಿಲ್ಲಲಾಗದೆ ಆ ಮನುಷ್ಯ ಕುಗ್ಗಿಹೋಗಿದ್ದರು. ಗ್ರಂಥಿಯನ್ನು ಒಳಗಿನಿಂದ ಕೆರೆದು ತೆಗೆಯುವುದೊಂದೇ ದಾರಿ.

ಅಡ್ಡ ನಿಂತಿದ್ದುದು ಹೃದಯ. ವರ್ಷದ ಹಿಂದೆ ಅವರಿಗೆ ಹೃದಯಾಘಾತವಾಗಿತ್ತು. ಬೆಂಗಳೂರಿನಲ್ಲಿ ಹೃದಯದ ಮುಂಭಾಗದ ದೊಡ್ಡ ರಕ್ತನಾಳ ತೆರೆದು ಸ್ಟೆಂಟ್ ಇಟ್ಟಿದ್ದರು. ಸ್ಟೆಂಟ್ ಎಂದರೆ ಲೋಹದ ಸಣ್ಣ ಬಲೆಯ ಕೊಳವೆ. ರಕ್ತಕ್ಕೆ ಅದು ಹೊರಗಿನ ವಸ್ತು, ಅವಕಾಶ ಸಿಕ್ಕರೆ ಅದರ ಮೇಲೆ ಹೆಪ್ಪುಗಟ್ಟಲು ನೋಡುತ್ತದೆ. ಹಾಗಾಗದಂತೆ ತಡೆಯಲು ಎರಡು ಮಾತ್ರೆ ಕೊಟ್ಟಿದ್ದರು. ಅವುಗಳಲ್ಲಿ ಒಂದು ಸಣ್ಣ ಪ್ರಮಾಣದ ಆಸ್ಪಿರಿನ್.

ಇಲ್ಲಿಯೇ ಶಸ್ತ್ರವೈದ್ಯರಿಗೂ ನನಗೂ ಭಿನ್ನಾಭಿಪ್ರಾಯ. ಗ್ರಂಥಿಯನ್ನು ಕೆರೆದ ಜಾಗ ನೆನೆದ ಸ್ಪಂಜಿನಂತೆ ರಕ್ತ ಒಸರುತ್ತದೆ. ಆದ್ದರಿಂದ ಎರಡೂ ಮಾತ್ರೆಗಳನ್ನು ಮೊದಲೇ ನಿಲ್ಲಿಸಿಬಿಡುವುದು ಅವರ ಕಡೆಯ ವಾಡಿಕೆ. ವಾರಕ್ಕೊಮ್ಮೆ ತಮ್ಮ ಉಪಕರಣವನ್ನು ಕಾರಿನಲ್ಲಿಟ್ಟುಕೊಂಡು ಬೆಂಗಳೂರಿನಿಂದ ಬರುವ, ನನಗಿಂತ ಬಹಳ ಕಿರಿಯರಾದ ವೈದ್ಯರು ಅವರು. ಕೈ ಶುದ್ಧ, ಮಾತು ನೇರ.

"ಮೇಡಂ, ರಕ್ತ ಸುರಿಯೋಕೆ ಶುರುವಾದ್ರೆ ನನಗೆ ಹೊಲಿಗೆ ಹಾಕೋಕೂ ಜಾಗ ಇರಲ್ಲ. ನಿಮಗೆ ಹೃದಯ ಕಾಣುತ್ತೆ. ನನಗೆ ಕಾಣೋದು ಬರೀ ಕೆಂಪು ನೀರು" ಎಂದರು.

ಅವರ ಭಯ ಸುಳ್ಳಲ್ಲ. ಹೃದಯದ ತೊಂದರೆಯಿಲ್ಲದವರಿಗೆ, ಶಸ್ತ್ರಚಿಕಿತ್ಸೆಯಲ್ಲಿ ಹೃದಯ ಕಾಪಾಡಲೆಂದು ಹೊಸದಾಗಿ ಆಸ್ಪಿರಿನ್ ಕೊಡಲು ನಾನು ಒಪ್ಪುವುದಿಲ್ಲ. ಅಂಥವರಿಗೆ ಅದರಿಂದ ಆಗುವುದು ಹೆಚ್ಚು ರಕ್ತಸ್ರಾವ, ಲಾಭವೇನೂ ಇಲ್ಲ. ಆದರೆ ಸ್ಟೆಂಟ್ ಇದ್ದವರ ಲೆಕ್ಕ ಬೇರೆ. ಮೈಗೆ ಗಾಯವಾದಾಗ ರಕ್ತ ಬೇಗ ಹೆಪ್ಪುಗಟ್ಟುವ ಸ್ವಭಾವ ತಳೆಯುತ್ತದೆ, ಹೃದಯಕ್ಕೂ ಆಗಲೇ ಶ್ರಮ ಹೆಚ್ಚು. ಆ ಹೊತ್ತಿನಲ್ಲಿ ಆಸ್ಪಿರಿನ್ ಹಿಂತೆಗೆದರೆ ಸ್ಟೆಂಟ್ ಮುಚ್ಚಿಹೋಗಬಹುದು. ಹೃದಯ ನೋಡಿದ ವೈದ್ಯರಿಗೆ ಫೋನು ಮಾಡಿದೆ. ವರ್ಷ ತುಂಬಿರುವುದರಿಂದ ಎರಡನೆಯ ಮಾತ್ರೆ ನಿಲ್ಲಿಸಬಹುದು, ಆಸ್ಪಿರಿನ್ ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಕೂಡದು ಎಂದು ಅವರೂ ಹೇಳಿದರು. ಶಸ್ತ್ರವೈದ್ಯರು ಒಪ್ಪಿದರು. ಉಪ್ಪುನೀರಿನಲ್ಲೇ ಕೆಲಸ ಮಾಡುವ, ಕೆರೆಯುತ್ತಲೇ ರಕ್ತನಾಳಗಳನ್ನು ಮುಚ್ಚುವ ಉಪಕರಣ ತರುತ್ತೇನೆ, ಮೂತ್ರದ ದಾರಿ ಬಿಡುವಷ್ಟನ್ನೇ ತೆಗೆಯುತ್ತೇನೆ ಎಂದರು. ಹಿರಿಯರಿಗೂ ಅವರ ಹೆಂಡತಿಗೂ ಮಾತ್ರೆಯ ಪಟ್ಟಿಗಳನ್ನು ಕೈಗೆ ಕೊಟ್ಟು, ಯಾವುದನ್ನು ಒಂದು ವಾರ ಮೊದಲು ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಲೇಬಾರದು ಎಂದು ತಿಳಿಹೇಳಿ ಕಳುಹಿಸಿದೆ.

ಗೊತ್ತುಮಾಡಿದ ದಿನ ಅವರು ವಾರ್ಡಿಗೆ ಬಂದು ಸೇರಿದಾಗ ತಲೆ ನುಣ್ಣಗೆ ಬೋಳಾಗಿತ್ತು. ಕಿವಿಯ ಮೇಲೆ ಅರಿಸಿನ ಮೆತ್ತಿದ ಹತ್ತಿ ಅಂಟಿಕೊಂಡಿತ್ತು.

"ಯಜಮಾನರೇ, ಮುಡಿ ಕೊಟ್ಟು ಬಂದಿರಾ?" ಎಂದೆ.

"ಊಂ ಡಾಕ್ಟ್ರಮ್ಮ. ಮನೆದೇವ್ರು ಎಂಕಟ್ರಮಣಸ್ವಾಮಿಗೆ ಏಳ್ಕಂಡಿದ್ದೆ. ಆಪ್ರೇಸನ್ನಿಗೆ ಮುಂಚೇನೇ ತೀರ್ಸ್‌ಬುಡಾನ ಅಂತ ಓಗಿದ್ದೆ. ಆಮ್ಯಾಕೆ ನಾನಿದ್ರೆ ತಾನೇ."

"ಬಿಡ್ತು ಅನ್ನಿ" ಎಂದು ಅವರ ಹೆಂಡತಿ ಗದರಿದರು. "ಬಾಯಿಗ್ ಬಂದಂಗೆ ಆಡ್ಬೇಡಿ. ಊರ್ಕೋಳಿ ಸುಮ್ಕೆ."

ನಕ್ಕು, ಬೆನ್ನು ನೋಡಿ, ಎದೆ ಕೇಳಿ, ಮಾತ್ರೆಯ ಮಾತಿಗೆ ಬಂದೆ. ಉತ್ತರ ಕೊಟ್ಟವರು ಹೆಂಡತಿಯೇ. "ಬೀಪೀದು ಬೆಳಿಗ್ಗೆ ಕೊಟ್ಟೆ ಕಣಮ್ಮ. ನೀವು ನಿಲ್ಸಿ ಅಂದಿದ್ದು ನಿಲ್ಸಿವ್ನಿ. ಆ ಇನ್ನೊಂದು ಬಿಳೀದು ದೇವ್ರತ್ರ ಐತೆ."

"ದೇವರ ಹತ್ತಿರವೇ?"

"ಮುಡುಪು ಕಟ್ಟಿವ್ನಿ."

ದೇವರಿಗೆ ಹರಕೆ ಹೊತ್ತು, ಅರಿಸಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ ಗೂಡಿನಲ್ಲಿಟ್ಟು, ಕಾರ್ಯವಾದ ಮೇಲೆ ಒಪ್ಪಿಸುವ ಮುಡುಪು ನಮ್ಮ ಮನೆಗಳಿಗೆಲ್ಲ ಪರಿಚಿತ. ಮಾತ್ರೆಯನ್ನು ಮುಡುಪು ಕಟ್ಟಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮೆಲ್ಲಗೆ ವಿಚಾರಿಸಿದಾಗ ಸಂಗತಿ ಹೊರಬಂತು. ಮುಡಿ ತೆಗೆಯುವಾಗ ಕತ್ತಿ ಕಿವಿಯ ಮೇಲೆ ಚೂರು ತಾಗಿದೆ. ಎಷ್ಟು ಅದುಮಿದರೂ ರಕ್ತ ನಿಂತಿಲ್ಲ. ಕತ್ತಿನವರೆಗೆ ಇಳಿದು ಪಂಚೆ ನೆನೆದಿದೆ.

"ಅಲ್ಲಿದ್ದೋರೆಲ್ಲ ಅಂದ್ರು, ಇವ್ರ್ ರಕ್ತ ನೀರಾಗೈತೆ, ಆ ಮಾತ್ರೇನೇ ಇಂಗ್ ಮಾಡಿರಾದು ಅಂತ. ಇಷ್ಟ್ ಕತ್ತಿ ತಗುಲಿದ್ದಕ್ಕೇ ಇಂಗೆ, ಇನ್ನ ಡಾಕ್ಟ್ರು ಒಳಗೆಲ್ಲ ಕೆರದ್ರೆ ಎಂಗೆ ಅಂತ ನಂಗೆ ಕೈಕಾಲೇ ಆಡ್ಲಿಲ್ಲ ಕಣಮ್ಮ. ಮನೇಗ್ ಬಂದವ್ಳೇ ಮಾತ್ರೆ ಎಲ್ಲ ಕಟ್ಬುಟ್ಟು, ಸ್ವಾಮೀ, ಆಪ್ರೇಸನ್ ಆಗಿ ಇವ್ರು ಮನೇಗ್ ಬರಾಗಂಟ ಇದನ್ನ ಮುಟ್ಸಾಕಿಲ್ಲ, ರಕ್ತ ನಿಲ್ಸಿಕೊಡು ಅಂತ ಕೈಮುಗಿದೆ."

ಪಕ್ಕದಲ್ಲಿ ರಕ್ತದೊತ್ತಡ ನೋಡುತ್ತಿದ್ದ ನಮ್ಮ ಸಿಸ್ಟರ್ ತಮಿಳಿನಲ್ಲಿ ದೇವರನ್ನು ಕರೆದಳು. ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಲೈನ್‌ಮನೆಯಲ್ಲಿ ಹುಟ್ಟಿ ಬೆಳೆದವಳು, ಮೂರು ಭಾಷೆಯಲ್ಲೂ ಕೋಪಿಸಿಕೊಳ್ಳಬಲ್ಲಳು, ಅಜ್ಜಿಯರನ್ನೆಲ್ಲ ಪಾಟಿ ಎಂದೇ ಕರೆಯುವವಳು. "ಏನ್ ಪಾಟಿ, ಡಾಕ್ಟರಮ್ಮ ಅಷ್ಟ್ ಸಾರಿ ಹೇಳ್ಲಿಲ್ವಾ? ಸ್ಟೆಂಟ್ ಇರೋ ಮನುಷನ್ಗೆ ಈಗ ಎರಡು ಮಾತ್ರೇನೂ ಇಲ್ಲ" ಎಂದಳು. ನಾನು ಕಣ್ಣಿನಲ್ಲೇ ತಡೆದೆ. ಆದರೆ ಅವಳು ಹೇಳಿದ್ದು ಸರಿ. ಒಂದು ಮಾತ್ರೆ ನನ್ನ ಮಾತಿನಂತೆ ನಿಂತಿತ್ತು, ಇನ್ನೊಂದು ಹರಕೆಯಿಂದ. ಆ ಸ್ಟೆಂಟಿಗೆ ಯಾವ ಕಾವಲೂ ಇರಲಿಲ್ಲ.

ಕೂಡಲೇ ಇಸಿಜಿ ತೆಗೆಸಿದೆ, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ರಕ್ತಪರೀಕ್ಷೆಯನ್ನೂ ಮಾಡಿಸಿದೆ. ದೈವಕೃಪೆಯಿಂದ ಎರಡರಲ್ಲೂ ಹೊಸ ದೋಷವಿರಲಿಲ್ಲ. ಆಸ್ಪತ್ರೆಯ ಔಷಧದಂಗಡಿಯಿಂದ ಮಾತ್ರೆ ತರಿಸಿದೆ. ಹಿರಿಯರು ಅಂಗೈ ಚಾಚಿ, ಹೆಂಡತಿಯ ಮುಖ ನೋಡಿದರು. ಆಕೆಯ ಕಣ್ಣು ತುಂಬಿತ್ತು.

"ಮಾತು ಕೊಟ್ಟಿವ್ನಿ ಡಾಕ್ಟ್ರಮ್ಮ. ತೆಪ್ಪಿ ನಡದು, ಟೇಬಲ್ ಮ್ಯಾಲೆ ಇವ್ರಿಗೇನಾದ್ರೂ ಆದ್ರೆ ನಾನ್ ಯಾರ್‌ ಮುಂದೆ ಓಗಿ ನಿಂತ್ಕಳ್ಳಿ?"

ಹಿರಿಯರ ಕೈ ಹಿಂದಕ್ಕೆ ಹೋಯಿತು.

ಗದರಿಸಿ ನುಂಗಿಸಬಹುದಿತ್ತು. ಆದರೆ ನಾಳೆ ನನ್ನ ಕಣ್ಣು ತಪ್ಪಿದ ಕೂಡಲೇ ಆ ಮಾತ್ರೆ ತಲೆದಿಂಬಿನ ಕೆಳಗೆ ಸೇರುತ್ತದೆ. ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿಯೇ ಅದು ಹೆಚ್ಚು ಬೇಕಾದದ್ದು. ಇದಲ್ಲದೆ, ಕೊಟ್ಟ ಮಾತಿನ ಭಾರ ಎಂಥದ್ದೆಂದು ನನಗೂ ಗೊತ್ತು. ಬೆಳಗಿನ ಪೂಜೆ ಮುಗಿಸದೆ ನೀರು ಮುಟ್ಟದ ಮನೆಯಲ್ಲಿ ಬೆಳೆದವಳು ನಾನು, ಈಗಲೂ ಕುಲದೇವರನ್ನು ನೆನೆಯದೆ ಸೂಜಿ ಹಿಡಿಯುವುದಿಲ್ಲ. ದೇವರ ಮುಂದೆ ನಿಂತು ಆಡಿದ ಮಾತನ್ನು ವೈದ್ಯಳೆಂಬ ಅಧಿಕಾರದಿಂದ ಅಳಿಸಲು ನನಗೆ ಮನಸ್ಸು ಬರಲಿಲ್ಲ. ಹರಕೆ ಹೊತ್ತವರೇ ಅದನ್ನು ಇಳಿಸಬೇಕು.

ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. "ಅಮ್ಮಾ, ಸ್ವಾಮಿಯನ್ನು ನೀವು ಬೇಡಿಕೊಂಡದ್ದು ಏನನ್ನು?"

"ಇವ್ರು ಉಳ್ಕಂಡು ಮನೇಗ್ ಬರ್ಲಿ ಅಂತ."

"ಹಾಗೆ ಉಳಿಯುವುದಕ್ಕೇ ಈ ಮಾತ್ರೆ ಬೇಕು. ತಿಳಿಯದೆ ಕಟ್ಟಿದಿರಿ. ತಿಳಿದ ಮೇಲೆ ತಪ್ಪುಕಾಣಿಕೆ ಇಟ್ಟು, ನಿಮ್ಮ ಕೈಯಿಂದಲೇ ಬಿಚ್ಚಿ. ಸ್ವಾಮಿ ಬೇಡವೆನ್ನುವುದಿಲ್ಲ."

"ಮತ್ತೆ ರಕ್ತ?"

"ರಕ್ತ ಬರುತ್ತದೆ. ಬರುವುದಿಲ್ಲವೆಂದು ನಿಮಗೆ ಸುಳ್ಳು ಹೇಳಲಾರೆ. ರಕ್ತ ಹೋದರೆ ಬೇರೆ ರಕ್ತ ತರಿಸಿ ಕೊಡುತ್ತೇನೆ. ಹೃದಯ ನಿಂತರೆ ಕೊಡಲು ನನ್ನ ಹತ್ತಿರ ಬೇರೆ ಹೃದಯ ಇಲ್ಲ."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಬಂಗಾರಪೇಟೆ ಬಸ್ ಎಷ್ಟೊತ್ಗೈತೆ?" ಎಂದು ಸಿಸ್ಟರನ್ನು ಕೇಳಿದರು.

ಶಸ್ತ್ರಚಿಕಿತ್ಸೆಯನ್ನು ಮುಂದೂಡಿದೆ. ಫೋನಿನಲ್ಲಿ ಹೇಳಿದಾಗ ಶಸ್ತ್ರವೈದ್ಯರಿಗೆ ಸಿಟ್ಟು ಬಂದದ್ದು ಸಹಜ.

"ಮೇಡಂ, ಒಂದು ಮಾತ್ರೆಗೋಸ್ಕರನಾ? ನಿಂತಿದ್ದೇ ಒಳ್ಳೇದಾಯ್ತು, ಮಾಡಿ ಮುಗಿಸೋಣ. ನನ್ನ ಕೆಲಸ ಸಲೀಸು."

"ನಿಮ್ಮ ಕೆಲಸ ಸಲೀಸಾಗುತ್ತದೆ ಡಾಕ್ಟರೇ. ಆ ಸ್ಟೆಂಟನ್ನು ಹೀಗೆ ಬರಿದು ಬಿಟ್ಟು ನಾನು ಅವರ ಬೆನ್ನಿಗೆ ಸೂಜಿ ಹಾಕುವುದಿಲ್ಲ. ಮುಂದಿನ ವಾರ ಬನ್ನಿ."

"ನೀವು ಹಾಕದೆ ನಾನೇನು ಮಾಡೋಕಾಗುತ್ತೆ, ಭಜನೆ ಮಾಡ್ಲಾ?" ಎಂದು ಫೋನು ಇಟ್ಟರು. ನಾನು ಮಾಡುವ ಭಜನೆಯನ್ನು ಅವರು ಹಂಗಿಸುವುದು ಹೊಸದೇನಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಆಕೆ ಮರಳಿ ಬಂದರು. ತಲೆಗೆ ಸ್ನಾನ ಮಾಡಿದ್ದರು, ಹಣೆಯಲ್ಲಿ ದೊಡ್ಡ ಕುಂಕುಮ. ಮಡಿಲಿನಿಂದ ಮಾತ್ರೆಯ ಪಟ್ಟಿಗಳನ್ನು ತೆಗೆದು ಮಂಚದ ಮೇಲಿಟ್ಟು, "ಕಾಣ್ಕೆ ಇಕ್ಕಿ, ದೀಪ ಅಚ್ಚಿ, ಕೇಳ್ಕಂಡು ಬಿಚ್ಚಿವ್ನಿ. ಈಗ ಕೊಡಿ" ಎಂದರು. ನಿಂತುಹೋದ ಕಾವಲನ್ನು ಬೇಗ ಮರಳಿಸಬೇಕಾದ್ದರಿಂದ ಮೊದಲ ಸಲ ದೊಡ್ಡ ಪ್ರಮಾಣವನ್ನು ಅಗಿದು ನುಂಗಲು ಕೊಟ್ಟೆವು. ಹಿರಿಯರು ಮುಖ ಕಿವುಚಿ, "ಉಣ್ಸೆಕಾಯಿ ತಿಂದಂಗೈತೆ" ಎಂದರು. ಆಮೇಲೆ ದಿನವೂ ಊಟವಾದ ಮೇಲೆ ಸಣ್ಣ ಮಾತ್ರೆ. ಆ ವಾರವೆಲ್ಲ ಅವರನ್ನು ವಾರ್ಡಿನಲ್ಲೇ ಇರಿಸಿಕೊಂಡೆ. ಕೋಲಾರದಿಂದ ಅವರ ಗುಂಪಿನ ರಕ್ತ ತರಿಸಿ ಸಿದ್ಧವಾಗಿಟ್ಟೆವು.

ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆಯೂ ಮಾತ್ರೆ ಒಂದು ಗುಟುಕು ನೀರಿನಲ್ಲಿ ಹೋಯಿತು. ಆಸ್ಪಿರಿನ್ ಒಂದೇ ಇದ್ದರೆ ಬೆನ್ನಿನ ಅರಿವಳಿಕೆಗೆ ಅಡ್ಡಿಯಿಲ್ಲ. ಎರಡನೆಯ ಮಾತ್ರೆ ನಿಂತು ಸಾಕಷ್ಟು ದಿನವಾಗಿತ್ತು. ಅವರನ್ನು ಕೂರಿಸಿ, ಬೆನ್ನು ಬಾಗಿಸಿ, ಸಣ್ಣ ಸೂಜಿಯಿಂದ ಔಷಧ ಕೊಟ್ಟೆ. ರೋಗಿ ಎಚ್ಚರವಾಗಿರುವುದು ನನಗೆ ಬೇಕಿತ್ತು. ಎದೆಯೊಳಗೆ ಏನಾದರೂ ಆದರೆ ಯಂತ್ರಕ್ಕಿಂತ ಮೊದಲು ಅವರೇ ಹೇಳಿಯಾರು.

"ಕಾಲು ನಂದೇನಾ ಡಾಕ್ಟ್ರಮ್ಮ? ಯಾರ್ದೋ ತಂದು ಮಡಗ್ದಂಗೈತೆ."

"ನಿಮ್ಮದೇ. ಸಾಯಂಕಾಲ ವಾಪಸು ಕೊಡುತ್ತೇನೆ."

ಅರಿವಳಿಕೆಯಿಂದ ರಕ್ತದೊತ್ತಡ ಇಳಿಯುತ್ತದೆ, ಇಳಿದರೆ ಹೃದಯದ ನಾಳಗಳಿಗೆ ರಕ್ತ ಸಾಲದು. ಆದ್ದರಿಂದ ಚೂರು ಚೂರೇ ಔಷಧ ಕೊಟ್ಟು ಅದನ್ನು ಮೇಲೆ ಹಿಡಿದಿಟ್ಟೆ. ಅಡ್ಡ ಕಟ್ಟಿದ ಬಟ್ಟೆಯ ಆ ಕಡೆ ಶಸ್ತ್ರವೈದ್ಯರು ಕೆರೆಯುತ್ತಿದ್ದರು, ಕೆರೆದಲ್ಲಿಯೇ ಮುಚ್ಚುತ್ತಿದ್ದರು. ತೆಗೆಯಲು ಇನ್ನೂ ಇತ್ತು. ಆದರೂ ಅವರು ಆಡಿದ ಮಾತಿನಂತೆ, ದಾರಿ ಬಿಟ್ಟ ಕೂಡಲೇ ಕೈ ನಿಲ್ಲಿಸಿದರು. ಕೆಲಸ ಬಲ್ಲವರಿಗೆ ಹಾಗೆ ನಿಲ್ಲಿಸುವುದು ಕಷ್ಟ, ಅದನ್ನು ನಾನು ಅಂದೇ ಮೆಚ್ಚಿಕೊಂಡೆ. ಮೂತ್ರಕೋಶವನ್ನು ತೊಳೆಯುತ್ತಿರಲು ಹೊಸ ನಳಿಕೆ ಹಾಕಿ, ಉಪ್ಪುನೀರು ಹರಿಯಬಿಟ್ಟು ಹೊರತಂದೆವು. ಚೀಲಕ್ಕೆ ಇಳಿಯುತ್ತಿದ್ದ ನೀರು ತೆಳು ಗುಲಾಬಿ ಬಣ್ಣದ್ದಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಬಣ್ಣ ಗಾಢವಾಯಿತು. ಆಮೇಲೆ ನೀರು ಇಳಿಯುವುದೇ ನಿಂತಿತು. ಹೆಪ್ಪು ನಳಿಕೆಗೆ ಅಡ್ಡ ಕೂತಿತ್ತು. ಹಿರಿಯರ ಹಣೆ ಬೆವರಿತು, ಒತ್ತಡ ಇಳಿಯಿತು. ಮಾನಿಟರಿನ ಪರದೆಯಲ್ಲಿ ಹೃದಯದ ರೇಖೆ ಇರಬೇಕಾದ ಮಟ್ಟಕ್ಕಿಂತ ಚೂರು ಕೆಳಗೆ ಬಾಗಿತು. ಹೃದಯಕ್ಕೆ ಬೇಕಾದಷ್ಟು ರಕ್ತ ಸಿಗುತ್ತಿಲ್ಲವೆಂಬ ಸೂಚನೆ ಅದು.

"ಎದೆ ಹಿಡಿದುಕೊಂಡಂತೆ ಇದೆಯೇ ಯಜಮಾನರೇ?"

"ಎದೆ ಏನಿಲ್ಲ. ಕೆಳೊಟ್ಟೆ ಉಬ್ಬರ. ತಡಕಳಕ್ಕಾಗ್ತಿಲ್ಲ."

ಊಟಕ್ಕೆ ಕುಳಿತಿದ್ದ ಶಸ್ತ್ರವೈದ್ಯರು ಎದ್ದು ಬಂದರು. ದೊಡ್ಡ ಸಿರಿಂಜಿನಿಂದ ಹೆಪ್ಪುಗಳನ್ನು ಎಳೆದು ಎಳೆದು ತೆಗೆದರು. ನಳಿಕೆಯ ತುದಿಯ ಬಲೂನನ್ನು ಗಾಯದ ಬಾಯಿಗೆ ಒತ್ತುವಂತೆ ಎಳೆದು ಕಟ್ಟಿದರು. ನಾನು ರಕ್ತ ಹರಿಸಿದೆ, ಆಮ್ಲಜನಕ ಕೊಟ್ಟೆ, ಒತ್ತಡ ಎತ್ತಿದೆ. ಸಿಸ್ಟರ್ ನಳಿಕೆಯನ್ನು ಬೆರಳಲ್ಲಿ ಹಿಚುಕುತ್ತ, ಮತ್ತೆ ಹೆಪ್ಪು ಕೂರದಂತೆ ನೋಡಿಕೊಳ್ಳುತ್ತ ಅಲ್ಲಿಂದ ಕದಲಲಿಲ್ಲ. ಪಾಳಿ ಮುಗಿದರೂ ಮನೆಗೆ ಹೋಗಲಿಲ್ಲ. ಸಂಜೆಯ ಹೊತ್ತಿಗೆ ರೇಖೆ ತನ್ನ ಮಟ್ಟಕ್ಕೆ ಬಂತು. ಚೀಲದ ನೀರು ಮಾತ್ರ ಇನ್ನೂ ಕೆಂಪೇ.

ಶಸ್ತ್ರವೈದ್ಯರು ಆ ದಿನ ಊರಿಗೆ ಹೋಗದೆ ಉಳಿದರು. ಬೆಳಿಗ್ಗೆ ಮಂಚದ ಬಳಿ ನಿಂತು, "ಮೇಡಂ, ಇವತ್ತು ಆಸ್ಪಿರಿನ್ ಬಿಡೋಣ. ನೀರು ತಿಳಿಯಾದ ಮೇಲೆ ಕೊಟ್ರಾಯ್ತು" ಎಂದರು.

ನಾನೂ ಯೋಚಿಸಿದೆ. ಹಿಂದಿನ ವಾರ ಹಿರಿಯರ ಹೆಂಡತಿಗೆ ನಾನು ಕೊಟ್ಟ ಆಶ್ವಾಸನೆಯಲ್ಲಿ ರಕ್ತದ ಪಾಲು ನಿಜವಾಗಿತ್ತು. ಹೃದಯದ ಪಾಲಿನ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. ಹೊಸ ಇಸಿಜಿ ನೋಡಿದೆ, ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಿದೆ. ಎರಡಕ್ಕೂ ವ್ಯತ್ಯಾಸವಿರಲಿಲ್ಲ. ರಕ್ತದ ಪ್ರಮಾಣವೂ ಮತ್ತೆ ಇಳಿಯದೆ ನಿಂತಿತ್ತು.

"ನೀರು ಕೆಂಪಾಗಿದೆ, ಒಪ್ಪುತ್ತೇನೆ. ಆದರೆ ನಿನ್ನೆ ಆ ರೇಖೆ ಬಾಗಿದ್ದನ್ನು ನೀವೂ ನೋಡಿದಿರಿ. ಅಷ್ಟು ಶ್ರಮಪಟ್ಟ ಹೃದಯಕ್ಕೆ ಇವತ್ತೇ ಕಾವಲು ತೆಗೆಯುವುದು ಬೇಡ. ರಕ್ತ ಹೆಚ್ಚಾದರೆ ತೊಳೆಯಲು ನೀವಿದ್ದೀರಿ, ತುಂಬಲು ನಾನಿದ್ದೇನೆ."

ಅವರು ಚೀಲವನ್ನು ಬೆಳಕಿಗೆ ಹಿಡಿದು ನೋಡಿದರು. "ಆಯ್ತು, ಕೊಡಿ. ನೀರು ನಾನು ನೋಡ್ಕೋತೀನಿ" ಎಂದು ಕುರ್ಚಿ ಎಳೆದುಕೊಂಡು ಅಲ್ಲಿಯೇ ಕುಳಿತರು.

ಮಾತ್ರೆ ಸಿಸ್ಟರ್ ಕೈಯಲ್ಲಿತ್ತು. ಹಿರಿಯರ ಹೆಂಡತಿ ಎದ್ದು ಬಂದು, "ನಂಗ್ ಕೊಡಮ್ಮ" ಎಂದರು. ಮಂಚದ ಕಂಬಿಗೆ ತೂಗುಹಾಕಿದ ಚೀಲ ಆಕೆಯ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿತ್ತು. ಅದರ ಬಣ್ಣವನ್ನು ಆಕೆ ನೋಡಿದರು, ಬಹಳ ಹೊತ್ತು ನೋಡಿದರು. ಕತ್ತಿಯ ಗಾಯಕ್ಕೆ ಹೆದರಿ ಓಡಿದ್ದ ಜೀವ ಅದು. ಒಮ್ಮೆ ನನ್ನ ಕಡೆ ತಿರುಗಿದರು. ಮಾತ್ರೆಯನ್ನು ಗಂಡನ ಅಂಗೈಯಲ್ಲಿಟ್ಟು, ಲೋಟ ಹಿಡಿದು, "ನುಂಗಿ" ಎಂದರು.

ಈ ಕೆಲಸದಲ್ಲಿ ಹೆಮ್ಮೆಪಡುವ ಗಳಿಗೆಗಳು ಬಂದಿವೆ, ಅವು ಬಹುಪಾಲು ನನ್ನ ಕೈಚಳಕದವು. ಇದು ಅಂಥದ್ದಲ್ಲ. ತಮ್ಮ ಕಣ್ಣೆದುರೇ ರಕ್ತ ಕಾಣುತ್ತಿದ್ದರೂ, ಕಾಣದ ಹೃದಯವನ್ನು ನೆಚ್ಚಿ ಆ ತಾಯಿ ಕೈ ಚಾಚಿದರು. ತಮ್ಮ ವಾಡಿಕೆಗೆ ವಿರುದ್ಧವಾದುದನ್ನು ಒಪ್ಪಿದ ವೈದ್ಯರೊಬ್ಬರು ಆ ಒಪ್ಪಿಗೆಯ ಹೊಣೆ ಹೊತ್ತು ಕುರ್ಚಿಯಲ್ಲಿ ಕುಳಿತರು. ಇಂಥವರೊಡನೆ ಕೆಲಸ ಮಾಡುವ ಭಾಗ್ಯವನ್ನು ಭಗವಂತ ನನಗೆ ಈ ಚಿಕ್ಕ ಆಸ್ಪತ್ರೆಯಲ್ಲಿಯೇ ಕೊಟ್ಟನಲ್ಲ ಎಂದು ಮನಸ್ಸು ತುಂಬಿ ಬಂತು.

ಅಂದು ಸಂಜೆಯಿಂದ ನೀರು ತಿಳಿಯಾಗುತ್ತ ಬಂತು. ನಳಿಕೆ ತೆಗೆದ ದಿನ ಹಿರಿಯರು ಶೌಚಾಲಯದಿಂದ ಹೊರಬಂದು, ವಾರ್ಡಿಗೆಲ್ಲ ಕೇಳುವಂತೆ, "ಸಲೀಸಾಗೋಯ್ತು ಕಣ್ಲೇ" ಎಂದು ಹೆಂಡತಿಗೆ ಸಾರಿದರು. ಪಕ್ಕದ ಮಂಚದವರೂ ನಕ್ಕರು. ಮನೆಗೆ ಹೊರಡುವ ಮುನ್ನ ತೆಗೆದ ಇಸಿಜಿ ಬಂದಾಗ ಹೇಗಿತ್ತೋ ಹಾಗೆಯೇ ಇತ್ತು. ಅದನ್ನು ಶಸ್ತ್ರವೈದ್ಯರಿಗೆ ಫೋನಿನಲ್ಲಿ ಕಳುಹಿಸಿದೆ. "ಭಜನೆ ಫಲಿಸ್ತು ಮೇಡಂ" ಎಂದು ಉತ್ತರ ಬಂತು.

ಬಟ್ಟೆಯ ಗಂಟು ಹಿಡಿದು ನಿಂತಿದ್ದ ಹಿರಿಯರು ಕೇಳಿದರು. "ಡಾಕ್ಟ್ರಮ್ಮ, ಈ ಬಿಳೀದು ಇನ್ನ ಎಷ್ಟ್ ದಿನ ನುಂಗ್ಬೇಕು?"

"ನೀವಿರುವವರೆಗೂ."

ಅವರ ಹೆಂಡತಿ ಮಾತ್ರೆಯ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನ ತುದಿಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನಾನಿರಾಗಂಟ ಅನ್ನಿ ಡಾಕ್ಟ್ರಮ್ಮ. ನೆಪ್ಪಲ್ಲಿ ಕೊಡಾಳು ನಾನಲ್ವಾ, ಇವ್ರಿಗೇನ್ ಗ್ಯಾನ ಇದ್ದಾತು" ಎಂದು ಗಂಡನನ್ನು ಮುಂದೆ ಮಾಡಿಕೊಂಡು ಮೆಟ್ಟಿಲಿಳಿದರು.